ಆಲ್ಫಾ 0.9 ಬಂದರೆ ಪದಜ್ಞಾನದ ಪರೀಕ್ಷೆ ಸರಿಯಾಗಿದೆ ಅಂತಲಾ?

ಕನ್ನಡ ಮೀಡಿಯಂ ಮಕ್ಕಳಿಗೆ ಎಷ್ಟು ಮಲಯಾಳಂ ಪದ ಗೊತ್ತು ಅಂತ ನೋಡೋಕೆ ನಾಲ್ಕು ಆಯ್ಕೆಯ ಪರೀಕ್ಷೆ ಮಾಡಿದ್ದೀರಿ, ಆಲ್ಫಾ (ಪ್ರಶ್ನೆಗಳ ಹೊಂದಾಣಿಕೆ ಹೇಳುವ ಅಂಕಿ, 1ಕ್ಕೆ ಹತ್ತಿರವಾದಷ್ಟೂ ಹೊಂದಾಣಿಕೆ ಜಾಸ್ತಿ) 0.9 ಬಂದಿದೆ, ಮುಂದೆ ರಾಶ್ ಮಾಡೆಲ್ (ಪ್ರಶ್ನೆಯ ಕಷ್ಟವನ್ನೂ ಮಗುವಿನ ಸಾಮರ್ಥ್ಯವನ್ನೂ ಒಂದೇ ಅಳತೆಗೋಲಲ್ಲಿ ಇಡುವ ಲೆಕ್ಕ) ಹಾಕಲಾ ಅಂತ ಕೇಳಿದ್ದೀರಿ. ಸದ್ಯಕ್ಕೆ ಬೇಡ. ಲ್ಯಾಪ್‌ಟಾಪ್ ಮುಚ್ಚಿ.

ಕಾಸರಗೋಡು ಜಿಲ್ಲೆಯ ಉಪ್ಪಳದಲ್ಲಿ ರಜೆಯ ಮಲಯಾಳಂ ಕ್ಲಾಸ್ ನಡೆಸುತ್ತಿದ್ದಾಗ ನಾನೂ ಇಂಥದ್ದೇ ಒಂದು ಮಾಡಿದ್ದೆ. ನೇಷನ್ ಮತ್ತು ಬೆಗ್ಲರ್ ಅನ್ನೋ ಸಂಶೋಧಕರು 2007ರಲ್ಲಿ ಇಂಗ್ಲಿಷಿಗೆ ಮಾಡಿದ ಪರೀಕ್ಷೆ ಇದೆಯಲ್ಲ, ಜಾಸ್ತಿ ಬಳಕೆಯ ಪದಗಳಿಂದ ಶುರುವಾಗಿ ಸಾವಿರ ಸಾವಿರದ 14 ಹಂತ, ಹಂತಕ್ಕೆ 10 ಪ್ರಶ್ನೆ, ಒಟ್ಟು 140, ಅದೇ ಮಾದರಿಯಲ್ಲಿ ಚಿಕ್ಕದೊಂದು. ಮಲಯಾಳಂ ಲಿಪಿಯಲ್ಲಿ ಪದ, ಕೆಳಗೆ ಕನ್ನಡದಲ್ಲಿ ನಾಲ್ಕು ಅರ್ಥ. ಆಲ್ಫಾ ನೋಡಿ ಹಿಗ್ಗಿಬಿಟ್ಟೆ. ಆ ಅಂಕದ ಮೇಲೆಯೇ ಮಕ್ಕಳನ್ನು ಎರಡು ಬ್ಯಾಚ್ ಮಾಡಿದೆ.

ಕೆಳಗಿನ ಬ್ಯಾಚಿಗೆ ಬಿದ್ದವರಲ್ಲಿ ಒಬ್ಬ ಹುಡುಗ ಅಪ್ಪನ ಅಂಗಡಿಯಲ್ಲಿ ಕೂತು ಗಿರಾಕಿಗಳ ಹತ್ತಿರ ಮಲಯಾಳಂನಲ್ಲೇ ಚೌಕಾಸಿ ಮಾಡುವವನು. ಅನುಮಾನ ಬಂದು ಕರೆದು ಕೂರಿಸಿದೆ. 'ಚೂಲ್' ಅನ್ನೋ ಪದದ ಕೆಳಗೆ ಬೆರಳಿಟ್ಟು ಅಕ್ಷರ ಕೂಡಿಸಿ ಕೂಡಿಸಿ ಸಾಕಾಗಿ, ಯಾವುದೋ ಒಂದಕ್ಕೆ ಗುರುತು ಹಾಕಿದ. ಅದನ್ನೇ ನಾನು ಓದಿ ಹೇಳಿದೆ. ತಕ್ಷಣ ಮೂಲೆಗೆ ಕೈ ತೋರಿಸಿ "ಹಿಡಿಸೂಡಿ ಅಲ್ವಾ ಮಾಷ್ಟ್ರೇ?" ಅಂದ.

ನಾನು ಅಳೆದದ್ದು ಪದವನ್ನಲ್ಲ, ಲಿಪಿಯನ್ನು. ಆಲ್ಫಾ ಹೇಳೋದು ಪ್ರಶ್ನೆಗಳು ಒಂದಕ್ಕೊಂದು ಎಷ್ಟು ಹೊಂದಿಕೊಂಡು ಹೋಗುತ್ತವೆ ಅಂತ ಮಾತ್ರ, ಏನನ್ನು ಅಳೆಯುತ್ತಿವೆ ಅಂತ ಹೇಳಲ್ಲ. ಲಿಪಿ ಬರುವವನು ಎಲ್ಲದರಲ್ಲೂ ಮುಂದೆ, ಬಾರದವನು ಎಲ್ಲದರಲ್ಲೂ ಹಿಂದೆ. ಅಂದರೆ ಪರೀಕ್ಷೆ ಹಾಳಾಗಿದ್ದ ಕಾರಣಕ್ಕೇ ನನ್ನ ಆಲ್ಫಾ ಅಷ್ಟು ಚೆನ್ನಾಗಿ ಬಂದಿತ್ತು! ರಾಶ್ ಹಾಕಿದ್ದರೂ ಇದು ಸಿಕ್ಕಿಬೀಳುತ್ತಿತ್ತು ಅನ್ನೋ ನಂಬಿಕೆ ನನಗಿಲ್ಲ, ಎಲ್ಲ ಪ್ರಶ್ನೆಗೂ ಒಂದೇ ರೋಗ ಇರುವಾಗ ಬೇರೆಯಾಗಿ ಕಾಣೋದು ಯಾವುದು? ನನಗೆ ಗೊತ್ತಾಗುವಷ್ಟರಲ್ಲಿ ಚೆನ್ನಾಗಿ ಮಾತಾಡುವ ಮಕ್ಕಳೇ 'ಅಮ್ಮ, ಅಚ್ಛನ್' ಪಾಠಕ್ಕೆ ಬೇಸತ್ತು ಬರೋದು ಬಿಟ್ಟಿದ್ದರು. ಪೋಷಕರು ಫೀಸು ವಾಪಸ್ ಕೇಳಿದರು, ಕೊಟ್ಟೆ.

ನಮ್ಮ ಕಾಸರಗೋಡಿನ ಕಡೆ ಮನೆಯಲ್ಲಿ ತುಳುವೋ ಕೊಂಕಣಿಯೋ, ಶಾಲೆಯಲ್ಲಿ ಕನ್ನಡ, ಪೇಟೆಯಲ್ಲಿ ಮಲಯಾಳಂ. ಕಿವಿಯಿಂದ ಕಲಿತವರೇ ಜಾಸ್ತಿ. ಹಾಗಾಗಿ ಅದೇ ಪದಗಳನ್ನು ಕೆಲವು ಮಕ್ಕಳಿಗಾದರೂ ಬಾಯಲ್ಲಿ ಕೇಳಿ, ಎರಡೂ ಅಂಕ ಪಕ್ಕಪಕ್ಕ ಇಟ್ಟು ನೋಡಿ. ಸರಿ ಉತ್ತರ ಕೊಟ್ಟವರನ್ನೂ 'ಇದನ್ನೇ ಯಾಕೆ ಹಾಕಿದೆ' ಅಂತ ವಿಚಾರಿಸಿ, 'ಸುಮ್ನೆ ಹಾಕಿದೆ' ಅನ್ನೋರು ಸಿಗುತ್ತಾರೆ. ಆ 140ರ ಪರೀಕ್ಷೆಯಲ್ಲೇ ಕಣ್ಣು ಮುಚ್ಚಿ ಗುರುತು ಹಾಕಿದರೂ ಸರಾಸರಿ 35 ಸರಿಯಾಗುತ್ತದೆ, ಒಂದು ಪ್ರಶ್ನೆಗೆ ನೂರು ಪದಕುಟುಂಬದ (ಒಂದು ಪದ, ಅದರಿಂದ ಹುಟ್ಟಿದ ರೂಪಗಳು ಸೇರಿ ಒಂದು ಕುಟುಂಬ) ಲೆಕ್ಕ ಆದ್ದರಿಂದ ಏನೂ ಬಾರದವನ ಖಾತೆಗೂ 3,500 ಬಿದ್ದಂತೆ. ಐದನೆಯದಾಗಿ 'ಗೊತ್ತಿಲ್ಲ' ಅಂತ ಒಂದು ಆಯ್ಕೆ ಇಡಿ.

ಲಿಪಿ ಬರುತ್ತದಾ ಅಂತ ನೋಡೋದಿದ್ದರೆ ಅದನ್ನು ಬೇರೆಯಾಗಿ ನೋಡಿ, ಬಸ್ಸಿನ ಮಲಯಾಳಂ ಬೋರ್ಡು ಓದಿಸಿದರೂ ಸಾಕು.