ಒಂದಕ್ಷರ ತಪ್ಪಿದ ಪ್ಯಾಕೇಜ್: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ಮಾನ್ಯರೇ, ನಾನು ಬೆಂಗಳೂರಿನ ಕಂಪನಿಯೊಂದಕ್ಕೆ ಗೋಣಿಕೊಪ್ಪಲಿನ ಸಮೀಪದ ನಮ್ಮ ತೋಟದ ಮನೆಯಿಂದಲೇ ಕೆಲಸ ಮಾಡುತ್ತೇನೆ. ಕಕ್ಕಡದ ಮಳೆಗೆ ಲೈನಿನ ಮೇಲೆ ಮರ ಬಿದ್ದು ಎರಡು ದಿನ ಕರೆಂಟ್ ಇರಲಿಲ್ಲ. ಮೂರನೆಯ ದಿನ ಕರೆಂಟ್ ಬಂದ ಕೂಡಲೇ, ಬಾಕಿ ಉಳಿದ ಕೆಲಸದ ಅವಸರದಲ್ಲಿ, ಪೈಥಾನ್ ಪ್ರೋಗ್ರಾಮಿಂಗ್ ಭಾಷೆಯ ಪ್ಯಾಕೇಜ್ (ಬೇರೆಯವರು ಬರೆದು ಹಂಚಿದ ಸಿದ್ಧ ಕೋಡ್) ಒಂದರ ಹೆಸರನ್ನು ನೆನಪಿನಿಂದಲೇ ಟೈಪ್ ಮಾಡಿ ಇನ್‌ಸ್ಟಾಲ್ ಮಾಡಿದೆ. ಯಾವ ಎರರ್ ಕೂಡ ಬರಲಿಲ್ಲ. ಅರ್ಧ ಗಂಟೆಯ ಬಳಿಕ ನೋಡಿದರೆ ಹೆಸರಿನಲ್ಲಿ ಒಂದಕ್ಷರ ತಪ್ಪಿತ್ತು. ತಕ್ಷಣ ಅನ್‌ಇನ್‌ಸ್ಟಾಲ್ ಮಾಡಿದ್ದೇನೆ. ಇಷ್ಟು ಸಾಕೇ? ಲ್ಯಾಪ್‌ಟಾಪ್‌ನಲ್ಲಿ ಕಂಪನಿಯ ಸರ್ವರ್‌ಗಳಿಗೆ ಪ್ರವೇಶ ಕೊಡುವ ಎಸ್‌ಎಸ್‌ಎಚ್ ಕೀಗಳಿವೆ. ಕಂಪನಿಗೆ ಹೇಳಲು ನಾಚಿಕೆಯಾಗುತ್ತಿದೆ.
(ಹೆಸರು ಬೇಡವೆಂದ ಓದುಗರು, ದಕ್ಷಿಣ ಕೊಡಗು)

ಉತ್ತರ: ಸಾಲದು. ಇಂಥ ತಪ್ಪು ಕಾಗುಣಿತದ ಹೆಸರುಗಳಲ್ಲಿ ಕಳ್ಳರು ನಕಲಿ ಪ್ಯಾಕೇಜ್‌ಗಳನ್ನು ಇಟ್ಟು ಕಾಯುವುದುಂಟು. ಪತ್ರಿಕೆ ನಿಮ್ಮ ಕೈ ಸೇರುವವರೆಗೆ ಕಾಯುವ ವಿಷಯ ಇದಲ್ಲವಾದ್ದರಿಂದ ನಿಮಗೆ ಅಂದೇ ಇಮೇಲ್‌ನಲ್ಲಿ ಉತ್ತರಿಸಿದ್ದೇನೆ. ಇತರ ಓದುಗರಿಗೂ ಬೇಕಾಗುವುದೆಂದು ಅದನ್ನೇ ಇಲ್ಲಿ ವಿವರವಾಗಿ ಬರೆಯುತ್ತಿದ್ದೇನೆ.

ಮೊದಲು ಲ್ಯಾಪ್‌ಟಾಪ್‌ನ ಇಂಟರ್‌ನೆಟ್ ಸಂಪರ್ಕ ಕಡಿಯಿರಿ. ಬಳಿಕ ಕಂಪನಿಯ ಭದ್ರತೆ ನೋಡಿಕೊಳ್ಳುವವರಿಗೆ ಫೋನ್ ಮಾಡಿ, ಯಾವ ಹೆಸರನ್ನು, ಎಷ್ಟು ಗಂಟೆಗೆ ಇನ್‌ಸ್ಟಾಲ್ ಮಾಡಿದಿರೆಂಬುದನ್ನು ತಿಳಿಸಿ. ಆ ಯಂತ್ರದಲ್ಲಿದ್ದ ಎಸ್‌ಎಸ್‌ಎಚ್ ಕೀ, ಕ್ಲೌಡ್ ಸೇವೆಗೆ ಪ್ರವೇಶ ಕೊಡುವ ಟೋಕನ್, ಬ್ರೌಸರ್ ನೆನಪಿಟ್ಟುಕೊಂಡಿದ್ದ ಪಾಸ್‌ವರ್ಡ್, ಇವೆಲ್ಲ ಕಳವಾಗಿವೆ ಎಂದೇ ತಿಳಿದು, ಬೇರೊಂದು ಯಂತ್ರದಿಂದ ಹಳೆಯವನ್ನು ರದ್ದುಪಡಿಸಿ ಹೊಸದನ್ನು ಮಾಡಿಸಬೇಕು. ಕಂಪನಿಯವರು ಪರಿಶೀಲಿಸಿ ಒಪ್ಪಿದ ಮೇಲೆ ಲ್ಯಾಪ್‌ಟಾಪ್‌ಗೆ ಆಪರೇಟಿಂಗ್ ಸಿಸ್ಟಂ ಅನ್ನು ಹೊಸದಾಗಿ ಹಾಕುವುದು ಕ್ಷೇಮ. ತಪ್ಪು ಹೆಸರಿನ ಪ್ಯಾಕೇಜ್‌ಗಳೆಲ್ಲವೂ ದುರುದ್ದೇಶದವಲ್ಲ. ಅಂಥ ಹೆಸರುಗಳು ಬೇರೆಯವರ ಪಾಲಾಗದಿರಲೆಂದು ಒಳ್ಳೆಯವರೇ ಕಾದಿರಿಸಿರುವುದೂ ಉಂಟು. ಆದರೆ ಅದು ಖಚಿತವಾಗುವವರೆಗೆ ಕೆಟ್ಟದ್ದೆಂದೇ ಎಣಿಸಿ ನಡೆಯಬೇಕು.

ಅನ್‌ಇನ್‌ಸ್ಟಾಲ್ ಏಕೆ ಸಾಲದು? ಪ್ಯಾಕೇಜ್ ಇನ್‌ಸ್ಟಾಲ್ ಮಾಡುವುದೆಂದರೆ ಕಡತವೊಂದನ್ನು ತಂದು ಕಪಾಟಿನಲ್ಲಿಟ್ಟಂತೆ ಎಂದು ಬಹಳ ಮಂದಿ ಭಾವಿಸಿದ್ದಾರೆ. ವಾಸ್ತವದಲ್ಲಿ, ಮೂಲ ಕೋಡ್ ರೂಪದಲ್ಲಿ ಬರುವ ಪೈಥಾನ್ ಪ್ಯಾಕೇಜ್‌ನೊಳಗಿನ ಸೆಟಪ್ ಕಡತವು ಇನ್‌ಸ್ಟಾಲ್ ಆಗುವಾಗಲೇ ಓಡುತ್ತದೆ. ಜಾವಾಸ್ಕ್ರಿಪ್ಟ್ ಭಾಷೆಯ ಪ್ಯಾಕೇಜ್‌ಗಳನ್ನು ಇಟ್ಟಿರುವ ಎನ್‌ಪಿಎಂ ಎಂಬ ಆನ್‌ಲೈನ್ ಭಂಡಾರದ ಪ್ಯಾಕೇಜ್‌ಗಳಲ್ಲಿಯೂ ಇನ್‌ಸ್ಟಾಲ್‌ಗೆ ಮುನ್ನ ಹಾಗೂ ನಂತರ ತಾನಾಗಿ ಓಡುವ ಸ್ಕ್ರಿಪ್ಟ್‌ಗಳನ್ನು ಇಡಬಹುದು. ನಮ್ಮ ಕಡೆ ಕರಿಮೆಣಸಿಗೆ ಪಪ್ಪಾಯಿ ಬೀಜ ಬೆರೆಸಿದ ಅನುಮಾನವಿದ್ದರೆ ಒಂದು ಹಿಡಿ ತೆಗೆದು ನೀರಿಗೆ ಹಾಕಿ ನೋಡುತ್ತಾರೆ. ಮೆಣಸು ಮುಳುಗುತ್ತದೆ, ಪಪ್ಪಾಯಿ ಬೀಜ ತೇಲುತ್ತದೆ. ಪ್ಯಾಕೇಜ್‌ನ ವಿಷಯದಲ್ಲಿ ಹಾಗೆ ಹಾಕಿ ನೋಡುವ ಅವಕಾಶವೇ ಇಲ್ಲ. ಹಾಕಿದೆವೆಂದರೆ ಅದು ತನ್ನ ಕೆಲಸ ಮುಗಿಸಿರುತ್ತದೆ. ನೀವು ಆಮೇಲೆ ತೆಗೆದುಹಾಕುವುದು ಪ್ಯಾಕೇಜ್‌ನ ಕಡತಗಳನ್ನು ಮಾತ್ರ. ಆ ಅರ್ಧ ಗಂಟೆಯಲ್ಲಿ ಆಚೆ ಹೋದದ್ದು ಹಿಂದಕ್ಕೆ ಬರುವುದಿಲ್ಲ.

ಇದು ಹೊಸ ಬಗೆಯ ವಂಚನೆಯೂ ಅಲ್ಲ. 2017ರ ಆಗಸ್ಟ್‌ನಲ್ಲಿ ಎನ್‌ಪಿಎಂ ಭಂಡಾರದಿಂದ ಒಬ್ಬನೇ ಬಳಕೆದಾರನ ಸುಮಾರು 40 ಪ್ಯಾಕೇಜ್‌ಗಳನ್ನು ತೆಗೆದುಹಾಕಿದರು. ಅವುಗಳಲ್ಲೊಂದು, ಬಹುಜನ ಬಳಸುವ 'ಕ್ರಾಸ್-ಎನ್ವ್' ಎಂಬುದರ ನಡುವಿನ ಅಡ್ಡಗೆರೆಯನ್ನು ಬಿಟ್ಟು ಇಟ್ಟ ಹೆಸರು. ಅಸಲಿ ಪ್ಯಾಕೇಜ್ ಮಾಡುವ ಕೆಲಸವನ್ನೆಲ್ಲ ಅದೂ ಮಾಡುತ್ತಿದ್ದುದರಿಂದ ಯಾರಿಗೂ ಅನುಮಾನ ಬರುವಂತಿರಲಿಲ್ಲ; ಜೊತೆಗೆ ಯಂತ್ರದ ಎನ್ವಿರಾನ್ಮೆಂಟ್ ವೇರಿಯಬಲ್‌ಗಳನ್ನು, ಅಂದರೆ ಪಾಸ್‌ವರ್ಡ್ ಮತ್ತು ಟೋಕನ್‌ಗಳನ್ನು ಇಡುವ ಜಾಗವನ್ನೇ, ಬಳಿದು ಹೊರಗೆ ಕಳುಹಿಸುತ್ತಿತ್ತು.

ನಿಮ್ಮದು ಕೈತಪ್ಪು. ಕಣ್ತಪ್ಪಿನದು ಇನ್ನೂ ಕಠಿಣ. ಎರಡು ಪದಗಳ ಕಾಗುಣಿತ ಎಷ್ಟು ಹತ್ತಿರವಿದೆ ಎಂದು ಅಳೆಯುವ 'ಜೆಲ್ಲಿಫಿಶ್' ಎಂಬ ಪೈಥಾನ್ ಪ್ಯಾಕೇಜ್ ಇದೆ. ಅದರ ಹೆಸರಿನಲ್ಲಿ ಇಂಗ್ಲಿಷಿನ ಎರಡು ಸಣ್ಣ 'ಎಲ್'ಗಳಿವೆ. ಮೊದಲನೆಯದರ ಜಾಗದಲ್ಲಿ ದೊಡ್ಡ 'ಐ' ಬರೆದು ಯಾರೋ ಒಂದು ನಕಲಿಯನ್ನು ಪೈಥಾನ್ ಪ್ಯಾಕೇಜ್‌ಗಳ ಪೈಪಿಐ ಭಂಡಾರಕ್ಕೆ ಸೇರಿಸಿದ್ದರು. ಕನ್ನಡದ ಅನುಸ್ವಾರಕ್ಕೆ ಬದಲಾಗಿ ಕನ್ನಡದ ಸೊನ್ನೆ ಒತ್ತಿದ ಟೈಪಿಂಗ್ ಪ್ರತಿಗಳನ್ನು ತಿದ್ದಿದವರಿಗೆ ಈ ಕಷ್ಟ ಗೊತ್ತಿರುತ್ತದೆ: ಪರದೆಯ ಮೇಲೆ ಎರಡೂ ಒಂದೇ, ಕಂಪ್ಯೂಟರ್‌ಗೆ ಮಾತ್ರ ಬೇರೆ ಬೇರೆ. ಆ ನಕಲಿ 2018ರ ಡಿಸೆಂಬರ್‌ನಿಂದ 2019ರ ಡಿಸೆಂಬರ್‌ವರೆಗೆ ಹೆಚ್ಚುಕಡಿಮೆ ಒಂದು ವರ್ಷ ಅಲ್ಲೇ ಇತ್ತು, ಮತ್ತು ಅದು ಹುಡುಕುತ್ತಿದ್ದುದು ನಿಮ್ಮ ಲ್ಯಾಪ್‌ಟಾಪ್‌ನಲ್ಲಿರುವಂಥ ಎಸ್‌ಎಸ್‌ಎಚ್ ಕೀಗಳನ್ನೇ.

ನಾಚಿಕೆಯ ಮಾತು. 2016ರಲ್ಲಿ ಹ್ಯಾಂಬರ್ಗ್ ವಿಶ್ವವಿದ್ಯಾಲಯದ ವಿದ್ಯಾರ್ಥಿಯೊಬ್ಬರು ತಮ್ಮ ಪ್ರಬಂಧಕ್ಕಾಗಿ, ತಪ್ಪು ಕಾಗುಣಿತದ ಹೆಸರುಗಳಲ್ಲಿ ಹಾನಿಯಿಲ್ಲದ ಪ್ಯಾಕೇಜ್‌ಗಳನ್ನು ಪೈಥಾನ್, ಜಾವಾಸ್ಕ್ರಿಪ್ಟ್ ಮತ್ತು ರೂಬಿ ಭಂಡಾರಗಳಿಗೆ ಏರಿಸಿ ಯಾರು ಇಳಿಸಿಕೊಳ್ಳುತ್ತಾರೆಂದು ಕಾದರು. 17,000ಕ್ಕೂ ಹೆಚ್ಚು ಕಂಪ್ಯೂಟರ್‌ಗಳಲ್ಲಿ ಅವು ಓಡಿದವು. ಆ ಸಾವಿರಾರು ಜನರೆಲ್ಲ ದಡ್ಡರಲ್ಲ, ಕೆಲಸದ ಒತ್ತಡದಲ್ಲಿದ್ದವರು. ನೀವು ಅರ್ಧ ಗಂಟೆಯಲ್ಲಿ ತಪ್ಪನ್ನು ಗುರುತಿಸಿದ್ದೀರಿ. ಹೇಳಲು ತಡಮಾಡಿ ಆ ಲಾಭವನ್ನು ಕಳೆದುಕೊಳ್ಳಬೇಡಿ.

ಪ್ರಶ್ನೆ: ಪೊನ್ನಂಪೇಟೆಯಲ್ಲಿ ಎಂಜಿನಿಯರಿಂಗ್ ವಿದ್ಯಾರ್ಥಿಗಳಿಗೆ ಪ್ರೋಗ್ರಾಮಿಂಗ್ ಲ್ಯಾಬ್ ನಡೆಸುತ್ತೇನೆ. ಅರವತ್ತು ಮಕ್ಕಳು ಏಕಕಾಲಕ್ಕೆ ಪ್ಯಾಕೇಜ್ ಹೆಸರು ಟೈಪ್ ಮಾಡುವಾಗ ತಪ್ಪು ಆಗದಂತೆ ನೋಡಿಕೊಳ್ಳುವುದು ಹೇಗೆ? ಡೌನ್‌ಲೋಡ್ ಸಂಖ್ಯೆ ನೋಡಿ ನಂಬಬಹುದೇ?
(ಉಪನ್ಯಾಸಕಿ, ಪೊನ್ನಂಪೇಟೆ)

ಉತ್ತರ: ಮಕ್ಕಳು ಟೈಪ್ ಮಾಡದಂತೆ ನೋಡಿಕೊಳ್ಳುವುದೇ ಉತ್ತಮ, ಮೇಡಂ. ಬೇಕಾದ ಪ್ಯಾಕೇಜ್‌ಗಳ ಹೆಸರು, ನಿಖರ ಆವೃತ್ತಿ ಹಾಗೂ ಪ್ರತಿಯೊಂದರ ಹ್ಯಾಶ್ (ಕಡತದಿಂದ ಲೆಕ್ಕಹಾಕಿದ, ಬೆರಳಚ್ಚಿನಂಥ ಗುರುತು) ಇರುವ ಒಂದು ರಿಕ್ವೈರ್‌ಮೆಂಟ್ಸ್ ಕಡತವನ್ನು ನೀವೇ ಸಿದ್ಧಪಡಿಸಿ. ಹ್ಯಾಶ್ ಕಡ್ಡಾಯವೆಂಬ ಆಯ್ಕೆ ಕೊಟ್ಟರೆ, ಒಂದು ಬಿಟ್ ವ್ಯತ್ಯಾಸವಿದ್ದರೂ ಪೈಥಾನ್ ಪ್ಯಾಕೇಜ್‌ಗಳನ್ನು ಹಾಕುವ ಪಿಪ್ ಎಂಬ ತಂತ್ರಾಂಶ ಅದನ್ನು ಇನ್‌ಸ್ಟಾಲ್ ಮಾಡುವುದಿಲ್ಲ. ಇನ್ನೂ ಒಳ್ಳೆಯದೆಂದರೆ, ಒಮ್ಮೆ ಪರಿಶೀಲಿಸಿ ಪ್ಯಾಕೇಜ್‌ಗಳನ್ನು ಲ್ಯಾಬ್‌ನ ಒಂದು ಫೋಲ್ಡರ್‌ಗೆ ಇಳಿಸಿಕೊಂಡು, ಎಲ್ಲ ಯಂತ್ರಗಳೂ ಭಂಡಾರದ ಕಡೆ ನೋಡದೆ ಅಲ್ಲಿಂದಲೇ ತೆಗೆದುಕೊಳ್ಳುವಂತೆ ಮಾಡುವುದು. ಮಳೆಗಾಲದಲ್ಲಿ ನೆಟ್‌ವರ್ಕ್ ಕೈಕೊಟ್ಟರೂ ಲ್ಯಾಬ್ ನಿಲ್ಲುವುದಿಲ್ಲ. ಇಳಿಸಿಕೊಳ್ಳುವಾಗ ಸೆಟಪ್ ಕಡತ ಓಡಿಸಬೇಕಿಲ್ಲದ, ಮೊದಲೇ ಸಿದ್ಧಪಡಿಸಿದ 'ವೀಲ್' ರೂಪದ ಕಡತಗಳನ್ನಷ್ಟೇ ಆರಿಸಿ. ಮೂಲ ರೂಪದ ಪ್ಯಾಕೇಜ್ ಆದರೆ ಬರೀ ಡೌನ್‌ಲೋಡ್ ಮಾಡುವಾಗಲೂ ಅದರ ಸೆಟಪ್ ಕಡತ ಓಡುವ ಸಂಭವವಿದೆ. ಜಾವಾಸ್ಕ್ರಿಪ್ಟ್ ಲ್ಯಾಬ್ ಆದರೆ ಲಾಕ್ ಕಡತದ (ನಿಖರ ಆವೃತ್ತಿಗಳ ಪಟ್ಟಿಯ) ಪ್ರಕಾರವೇ ನಡೆಯುವ 'ಎನ್‌ಪಿಎಂ ಸಿಐ' ಎಂಬ ಆಜ್ಞೆ ಬಳಸಿ, ಇನ್‌ಸ್ಟಾಲ್ ಸ್ಕ್ರಿಪ್ಟ್‌ಗಳನ್ನು ನಿಷೇಧಿಸಿಡಿ.

ಡೌನ್‌ಲೋಡ್ ಸಂಖ್ಯೆಯನ್ನು ನಂಬಬೇಡಿ. ಯಂತ್ರಗಳಿಂದ ಅದನ್ನು ಉಬ್ಬಿಸಬಹುದು. ಪ್ಯಾಕೇಜ್‌ನ ಪುಟದಲ್ಲಿ ಗಿಟ್‌ಹಬ್ (ಮೂಲ ಕೋಡ್ ಇಡುವ ತಾಣ) ಕೊಂಡಿ ಇದೆಯೆಂಬುದೂ ಸಾಕ್ಷಿಯಲ್ಲ, ಅಸಲಿಯ ಕೊಂಡಿಯನ್ನೇ ನಕಲಿಯೂ ಹಾಕಿಕೊಳ್ಳಬಹುದು. ಆದ್ದರಿಂದ ಹುಡುಕಾಟ ಉಲ್ಟಾ ದಿಕ್ಕಿನಲ್ಲಿರಲಿ: ಮೊದಲು ಯೋಜನೆಯ ಅಧಿಕೃತ ದಾಖಲೆಗೆ ಹೋಗಿ, ಅಲ್ಲಿ ಕೊಟ್ಟ ಹೆಸರನ್ನು ನಕಲಿಸಿಕೊಂಡು ಭಂಡಾರಕ್ಕೆ ಬನ್ನಿ. ಕಾಗುಣಿತ ಬಲ್ಲವರಿಗೂ ಇದು ಬೇಕು. 2018ರಲ್ಲಿ 'ಕಲರಾಮಾ' ಎಂಬ ಪೈಥಾನ್ ಪ್ಯಾಕೇಜ್‌ನ ನಕಲಿಯೊಂದು ಸಿಕ್ಕಿತು. ಅಸಲಿಯ ಹೆಸರಿನಲ್ಲಿರುವುದು ಅಮೆರಿಕದ 'ಕಲರ್', ನಕಲಿಯಲ್ಲಿದ್ದುದು 'ಯು' ಸೇರಿದ ಬ್ರಿಟಿಷ್ ಕಾಗುಣಿತ. ನಮ್ಮ ಶಾಲೆಗಳಲ್ಲಿ ಕಲಿಸುವುದು ಎರಡನೆಯದನ್ನೇ. ಅದನ್ನು ಹಾಕಿಕೊಂಡ ವಿಂಡೋಸ್ ಯಂತ್ರದಲ್ಲಿ ಬಿಟ್‌ಕಾಯಿನ್ ವಿಳಾಸವನ್ನು ಕಾಪಿ ಮಾಡಿದರೆ, ಪೇಸ್ಟ್ ಮಾಡುವಷ್ಟರಲ್ಲಿ ಕಳ್ಳನ ವಿಳಾಸವಾಗಿ ಬದಲಾಗುತ್ತಿತ್ತು.

ಪ್ರಶ್ನೆ: ಪ್ಯಾಕೇಜ್ ಹೆಸರನ್ನು ಎಐ ಚಾಟ್‌ಬಾಟ್ ಕೇಳಿ ಕಾಪಿ ಮಾಡಿದರೆ ತಪ್ಪಾಗುವುದಿಲ್ಲ ಅಲ್ಲವೇ?
(ವಿದ್ಯಾರ್ಥಿ, ಕುಶಾಲನಗರ)

ಉತ್ತರ: ಆಗುತ್ತದೆ. ಅಸ್ತಿತ್ವದಲ್ಲೇ ಇಲ್ಲದ ಹೆಸರನ್ನು ಅದು ಧೈರ್ಯವಾಗಿ ಹೇಳಿಬಿಡಬಹುದು, ಮತ್ತು ಅದೇ ಹೆಸರನ್ನು ಹಲವರಿಗೆ ಹೇಳಬಹುದು. ಹಾಗೆ ಪದೇ ಪದೇ ಬರುತ್ತಿದ್ದ 'ಹಗ್ಗಿಂಗ್‌ಫೇಸ್-ಸಿಎಲ್ಐ' ಎಂಬ ಹೆಸರಿನಲ್ಲಿ ಭದ್ರತಾ ಸಂಶೋಧಕರೊಬ್ಬರು ಖಾಲಿ ಪ್ಯಾಕೇಜ್ ಒಂದನ್ನು ಪೈಪಿಐಗೆ ಏರಿಸಿ ನೋಡಿದರು. ಮೂರು ತಿಂಗಳಲ್ಲಿ ಅದು 30,000ಕ್ಕೂ ಹೆಚ್ಚು ಸಲ ಡೌನ್‌ಲೋಡ್ ಆಯಿತೆಂದು 2024ರಲ್ಲಿ ವರದಿ ಮಾಡಿದರು. ಅವರು ಏರಿಸಿದ್ದು ಖಾಲಿ ಪ್ಯಾಕೇಜ್. ಎಐ ಹೆಸರು ಕೊಟ್ಟಾಗಲೂ ಮೇಲೆ ಉಪನ್ಯಾಸಕಿಯವರಿಗೆ ಹೇಳಿದಂತೆ ಅಧಿಕೃತ ದಾಖಲೆಯನ್ನು ತೆರೆದು ನೋಡಿ, ಆಮೇಲೆ ಎಂಟರ್ ಒತ್ತಿ.