ಹಣವಿದ್ದರೂ ಅಂಗಡಿಯಲ್ಲಿ ಕದಿಯುವ ಚಟ ಏಕೆ ಹತ್ತುತ್ತದೆ, ಅದನ್ನು ಬಿಡುವುದು ಹೇಗೆ?

ಹೀಗೆ ಕದಿಯುವವರೆಲ್ಲರಿಗೂ ಮನೋರೋಗವಿದೆ ಎನ್ನಲಾಗದು. ಹಲವರಲ್ಲಿ ಖಿನ್ನತೆ, ಆಪ್ತರನ್ನು ಕಳೆದುಕೊಂಡ ದುಃಖ, ತನಗೆ ಅನ್ಯಾಯವಾಗಿದೆ ಎಂಬ ಒಳಗುದಿ ಅಥವಾ ಹದಿಹರೆಯದಲ್ಲಿ ಗೆಳೆಯರ ಒತ್ತಡ ಇದರ ಹಿಂದಿರುತ್ತದೆ. ಕದಿಯುವ ತುಡಿತವನ್ನು ಮತ್ತೆ ಮತ್ತೆ ತಡೆಯಲಾಗದ ಕ್ಲೆಪ್ಟೋಮೇನಿಯಾ ಅಪರೂಪದ ಕಾಯಿಲೆ. ಮನೋರೋಗಗಳನ್ನು ಗುರುತಿಸಲು ವೈದ್ಯರು ಬಳಸುವ 2013ರ ಡಿಎಸ್‌ಎಂ-5 ಕೈಪಿಡಿ ಅದನ್ನು ಆವೇಗ ನಿಯಂತ್ರಣದ ತೊಂದರೆಗಳ ಗುಂಪಿನಲ್ಲಿ ಸೇರಿಸಿದೆ. ಅದರಲ್ಲಿ ಕದಿಯುವ ಮುನ್ನ ಚಡಪಡಿಕೆ ಏರುತ್ತಾ ಹೋಗಿ, ವಸ್ತು ಚೀಲಕ್ಕಿಳಿದ ಕ್ಷಣ ಮನಸ್ಸು ನಿರಾಳವಾಗುತ್ತದೆ. ಆಮೇಲೆ ಕಾಡುವ ನಾಚಿಕೆ ಮನಸ್ಸನ್ನು ಮತ್ತಷ್ಟು ಕುಗ್ಗಿಸಿ ಮುಂದಿನ ಕಳವಿಗೆ ದಾರಿ ಮಾಡಿಕೊಡಬಹುದು. ಕದ್ದ ಲಿಪ್‌ಸ್ಟಿಕ್ ಮುಚ್ಚಳವನ್ನೂ ತೆರೆಯದೆ ಕಪಾಟಿನ ಮೂಲೆ ಸೇರುವುದು ಇದರಿಂದಲೇ: ಬೇಕಾಗಿದ್ದದ್ದು ವಸ್ತುವಲ್ಲ, ಆ ನಿರಾಳತೆ.

ಆದ್ದರಿಂದ ಬೈಗುಳ, ಅವಮಾನಗಳಿಂದ ಈ ಚಟ ಬಿಡದು. ಯಾವ ಹೊತ್ತಿನಲ್ಲಿ, ಯಾವ ಬೇಸರದ ನಂತರ ಕೈ ಚಾಚಬೇಕೆನಿಸಿತು ಎಂಬುದನ್ನು ಬರೆದಿಡಿ. ಸದ್ಯಕ್ಕೆ ಒಬ್ಬರೇ ಅಂಗಡಿಗೆ ಹೋಗಬೇಡಿ, ದೊಡ್ಡ ಚೀಲ ಒಯ್ಯಬೇಡಿ. ಯೋಚನೆ, ನಡವಳಿಕೆಗಳನ್ನು ಮಾತಿನ ಮೂಲಕ ಬದಲಿಸುವ ಅರಿವಿನ ವರ್ತನಾ ಚಿಕಿತ್ಸೆಯಲ್ಲಿ, ತುಡಿತ ಬಂದಾಗ ಸಿಕ್ಕಿಬೀಳುವ ದೃಶ್ಯವನ್ನು ವಿವರವಾಗಿ ಕಲ್ಪಿಸಿಕೊಳ್ಳುವುದನ್ನೂ ಕಲಿಸುತ್ತಾರೆ. ಕ್ಲೆಪ್ಟೋಮೇನಿಯಾ ಖಚಿತವಾದರೆ ಮನೋವೈದ್ಯರು ನಾಲ್ಟ್ರೆಕ್ಸೋನ್ ಎಂಬ ಔಷಧ ಕೊಡುವುದುಂಟು. 2009ರಲ್ಲಿ ಪ್ರಕಟವಾದ ಸಣ್ಣ ಪ್ರಯೋಗವೊಂದರಲ್ಲಿ ಅದು ತುಡಿತವನ್ನು ತಗ್ಗಿಸಿತ್ತು. ನೀವು ಹೇಳಿದ್ದನ್ನು ವೈದ್ಯರು ಗುಟ್ಟಾಗಿಡುತ್ತಾರೆ, ದಯವಿಟ್ಟು ಸಿಕ್ಕಿಬೀಳುವವರೆಗೆ ಕಾಯದೆ ಹೋಗಿ.