ಪತ್ತೋಳಿ ಒಬ್ಬಳೇ ತಿನ್ನುವ ತಿಂಡಿ ಅಲ್ಲ

ಪ್ರಶ್ನೆ: ನನ್ನ ಮಗಳು ದುಬೈಯಲ್ಲಿ ನರ್ಸ್. ಹೋಗಿ ಐದು ತಿಂಗಳಾಯ್ತು. ಸೆಪ್ಟೆಂಬರ್ 8ರ ಮೊಂತಿ ಹಬ್ಬ, ಅಂದರೆ ಮೇರಿ ಮಾತೆ ಹುಟ್ಟಿದ ದಿನದ ತೆನೆ ಹಬ್ಬ, ಮನೆ ಬಿಟ್ಟ ಮೇಲೆ ಅವಳಿಗೆ ಮೊದಲ ಹಬ್ಬ. ರೂಮಿನಲ್ಲಿ ಇಬ್ಬರು ಮಲಯಾಳಿಗಳು, ಒಬ್ಬಳು ಫಿಲಿಪೈನ್ಸಿನವಳು, ಎಲ್ಲರೂ ಕ್ರೈಸ್ತರೇ. ಅರಿಶಿನ ಎಲೆಯಲ್ಲಿ ಬೇಯಿಸುವ ನಮ್ಮ ಹಬ್ಬದ ಸಿಹಿ ಪತ್ತೋಳಿ ಮಾಡಿ ಅವರಿಗೂ ಕೊಡು ಅಂದರೆ, "ನಮ್ಮ ತಿಂಡಿ ಅವರಿಗೆ ಹಿಡಿಸ್ತದಾ, ನಗ್ತಾರೆ ಅಮ್ಮ" ಅನ್ನುತ್ತಾಳೆ. ಏನು ಹೇಳಲಿ? ಅಲ್ಲಿ ಅರಿಶಿನ ಎಲೆ ಸಿಗದಿದ್ದರೆ?
– ಒಬ್ಬ ತಾಯಿ, ಬೇಳ

ಉತ್ತರ: ನಗುವುದಿಲ್ಲ ಅಮ್ಮ, ಖಂಡಿತ ಇಲ್ಲ. ಎಲೆ ಬಿಡಿಸಿದ ಕೂಡಲೇ ಆ ಮಲಯಾಳಿ ಹುಡುಗಿಯರು "ಇದು ನಮ್ಮ ಇಲಯಡ ಅಲ್ವಾ" ಅನ್ನುತ್ತಾರೆ, ಯಾಕಂದ್ರೆ ಅವರದ್ದೂ ಅದೇ ಅಕ್ಕಿ ಹಿಟ್ಟು, ಅದೇ ಬೆಲ್ಲ ಕಾಯಿತುರಿ, ಎಲೆ ಮಾತ್ರ ಬಾಳೆಯದ್ದು. ಫಿಲಿಪೈನ್ಸಿನವರ ಸುಮನ್ ಕೂಡ ದೂರದ್ದಲ್ಲ. ಅಂಟು ಅಕ್ಕಿಗೆ ತೆಂಗಿನ ಹಾಲು ಸೇರಿಸಿ, ಬಾಳೆ ಎಲೆಯಲ್ಲಿ ಸುತ್ತಿ ಬೇಯಿಸುತ್ತಾರೆ.

ಆದರೆ ಮಾಡಿ ಮುಗಿಸಿ ತಟ್ಟೆಯಲ್ಲಿಟ್ಟು ಹಂಚುವುದು ಬೇಡ, ಮಾಡುವಾಗಲೇ ಅವರನ್ನು ಕೂರಿಸಿಕೊಳ್ಳಲಿ. ಒಬ್ಬಳು ಬೆಳ್ತಿಗೆ ಅಕ್ಕಿ ಅರೆಯಲಿ, ಒಬ್ಬಳು ಕಾಯಿ ತುರಿಯಲಿ, ಎಲೆಗೆ ಹಿಟ್ಟು ತೆಳ್ಳಗೆ ಹಚ್ಚುವುದನ್ನು ನಿಮ್ಮ ಮಗಳು ಕಲಿಸಲಿ. ಕೈಗೆ ಹಿಟ್ಟು ಮೆತ್ತಿಕೊಂಡು ಕೂತವರ ನಡುವೆ ಮಾತು ತಾನಾಗಿ ಬರುತ್ತದೆ. ಅಲ್ಲಿನ ಸೇಂಟ್ ಮೇರೀಸ್ ಚರ್ಚಿನಲ್ಲಿ ಕೊಂಕಣಿ, ಮಲಯಾಳ, ಟಗಲಾಗ್ ಅಂತ ಪೂಜೆ ಬೇರೆ ಬೇರೆ ಭಾಷೆಯಲ್ಲಿ ನಡೆಯುತ್ತದೆ, ಒಳ್ಳೆಯದೇ, ಆದರೆ ಪೂಜೆ ಮುಗಿದ ಮೇಲೂ ನಮ್ಮವರು ನಮ್ಮವರೇ ಗುಂಪು ಕಟ್ಟಿ ನಿಂತರೆ ನನಗೆ ಬೇಸರವಾಗುತ್ತದೆ.

ಇನ್ನೊಂದು ವಿಷಯ. 2022ರ ಜನವರಿಯಿಂದ ಯುಎಇಯಲ್ಲಿ ವಾರದ ರಜೆ ಶನಿವಾರ, ಭಾನುವಾರಕ್ಕೆ ಬಂದಿದೆ, ಆದರೆ ಆಸ್ಪತ್ರೆಯವರಿಗೆ ಶಿಫ್ಟ್ ತಪ್ಪುವುದಿಲ್ಲ. ರಾತ್ರಿ ಶಿಫ್ಟಿಗೆ ಹೋದವಳು ಬರುವ ತನಕ ಕಾಯಲಿ. ಬೈಬಲಿನಲ್ಲಿ ಕೊರಿಂಥದವರಿಗೆ ಬರೆದ ಮೊದಲ ಪತ್ರದ 11ನೇ ಅಧ್ಯಾಯದಲ್ಲಿ ಪೌಲನು ಗದರುವುದು ಇದಕ್ಕೇ: ಕೆಲವರು ಮೊದಲೇ ತಿಂದು ಮುಗಿಸುತ್ತಿದ್ದರು, ಉಳಿದವರು ಹಸಿದಿರುತ್ತಿದ್ದರು. ಊಟಕ್ಕೆ ಸೇರಿದಾಗ ಒಬ್ಬರಿಗೊಬ್ಬರು ಕಾಯಿರಿ ಅನ್ನುತ್ತಾನೆ.

ನಾನು ಶಾರ್ಜಾದಲ್ಲಿದ್ದಾಗ ಅಮ್ಮ ಹಬ್ಬದ ದಿನ ಇಗರ್ಜಿಯಲ್ಲಿ (ಚರ್ಚಿನಲ್ಲಿ) ಆಶೀರ್ವಾದ ಆದ ಭತ್ತದ ತೆನೆಯಿಂದ ಒಂಬತ್ತು ಕಾಳು ಬಿಡಿಸಿ, ಕಾಗದದ ಮಡಿಕೆಯಲ್ಲಿಟ್ಟು ಅಂಚೆಯಲ್ಲಿ ಕಳಿಸಿದ್ದರು. ಹಬ್ಬ ಕಳೆದು ಎರಡು ವಾರಕ್ಕೆ ಬಂತು. ದಾರಿಯಲ್ಲಿ ಎರಡು ಕಾಳು ನುಚ್ಚಾಗಿತ್ತು. ಹಬ್ಬಕ್ಕೆ ಮನೆಯವರೆಲ್ಲ ಹಂಚಿಕೊಳ್ಳುವ ಹಾಗೆಯೇ, ಉಳಿದ ಏಳನ್ನು ಉಗುರಿನಲ್ಲಿ ಸುಲಿದು, ಚಮಚದ ಬೆನ್ನಿನಲ್ಲಿ ಪುಡಿ ಮಾಡಿ ಹಾಲಿಗೆ ಹಾಕಿದೆ. ರೂಮಿನ ಆರು ಜನ ಒಂದೊಂದು ಗುಟುಕು ಕುಡಿದೆವು. ಅದರಲ್ಲಿ ಒಬ್ಬಳು ತಮಿಳುನಾಡಿನವಳು, ಅದುವರೆಗೆ ನನ್ನ ಹತ್ತಿರ ಸರಿಯಾಗಿ ಮಾತೇ ಆಡದವಳು, "ನಿಮ್ಮಮ್ಮ ನನಗೂ ಸೇರಿಸಿ ಕಳಿಸಿದ್ರಾ" ಅಂತ ಕೇಳಿದಳು. ಹೌದು ಅಂದೆ. ಆಮೇಲೆ ಅವಳಿಗೆ ಜ್ವರ ಬಂದಾಗ ಗಂಜಿ ಮಾಡಿ ಕೊಟ್ಟದ್ದು ನಾನು, ನನಗೆ ಕೆಲಸ ಹೋದ ತಿಂಗಳು ಬಾಡಿಗೆ ಕೊಟ್ಟದ್ದು ಅವಳು.

ಅರಿಶಿನ ಎಲೆ ಸಿಗದಿದ್ದರೆ ಬಾಳೆ ಎಲೆ ಸಾಕು, ಮಲಯಾಳಿ ಅಂಗಡಿಗಳಲ್ಲಿ ಕೇಳಲಿ. ಪರಿಮಳ ಕಡಿಮೆ ಅಷ್ಟೆ. ಒಲೆಯ ಮೇಲೆ ಬಾಡಿಸಿ ಮಡಚಿದರೆ ಹರಿಯುವುದಿಲ್ಲ.

ಈ ಸಲ ಬೇಳದ ಇಗರ್ಜಿಯಿಂದ ತೆನೆ ತಂದಾಗ ಅವಳಿಗೂ ನಾಲ್ಕು ಕಾಳು ಒಣಗಿಸಿ ತೆಗೆದಿಡಿ. ಊರಿಗೆ ಬಂದವರು ಯಾರಾದರೂ ಹೋಗುವಾಗ ಕೊಟ್ಟು ಕಳಿಸಿ. ಸ್ವಲ್ಪ ಜಾಸ್ತಿಯೇ ಇಡಿ, ರೂಮಿನಲ್ಲಿ ನಾಲ್ಕು ಜನ ಇದ್ದಾರಲ್ಲ.